ವಾರ್ಡಿನಲ್ಲಿ ಜನಾಂಗೀಯ ನಿಂದನೆ ಕಂಡಾಗ: ಪಕ್ಕದಲ್ಲಿದ್ದವರ ತರಬೇತಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಆಸ್ಪತ್ರೆ, ಕ್ಲಿನಿಕ್, ಲ್ಯಾಬ್, ಆಂಬುಲೆನ್ಸ್, ವೃದ್ಧರ ಆರೈಕೆ ಕೇಂದ್ರ ಮುಂತಾದ ಕಡೆ ಕೆಲಸ ಮಾಡುವವರು ಈ ತರಬೇತಿಗೆ ಬರುವ ಮುಂಚೆ ಮತ್ತು ಬಂದ ಮೇಲೆ ಕೇಳುವ ಪ್ರಶ್ನೆಗಳಿವು. ಮೊದಲಿನಿಂದ ಕೊನೆಯವರೆಗೆ ಓದಲೇಬೇಕೆಂದಿಲ್ಲ. ರೋಗಿಯೇ ನಿಮ್ಮ ಸಹೋದ್ಯೋಗಿಯನ್ನು ಬೈಯುತ್ತಿರುವ ಸಮಸ್ಯೆ ಎದುರಿಗಿದ್ದರೆ ನೇರವಾಗಿ ಆ ಪ್ರಶ್ನೆಗೆ ಹೋಗಿ.

ಈ ತರಬೇತಿಯಲ್ಲಿ ಏನು ಕಲಿಸುತ್ತಾರೆ?

ಬಣ್ಣ, ಜನಾಂಗ, ಹುಟ್ಟಿದ ದೇಶ, ಹೆಸರು, ಮಾತಿನ ಧಾಟಿ ಇವುಗಳ ಕಾರಣಕ್ಕೆ ಒಬ್ಬರನ್ನು ಹೀಯಾಳಿಸುವುದೋ ದೂರ ಇಡುವುದೋ ನಿಮ್ಮ ಕಣ್ಣೆದುರಿಗೆ ನಡೆದಾಗ, ಆ ಕೆಲವೇ ಸೆಕೆಂಡುಗಳಲ್ಲಿ ಏನು ಹೇಳಬೇಕು, ಏನು ಮಾಡಬೇಕು ಎಂಬುದನ್ನು ಕಲಿಸುತ್ತಾರೆ. ಇದು ಜನಾಂಗೀಯತೆಯ ಇತಿಹಾಸದ ಪಾಠವಲ್ಲ, ನಿಮ್ಮ ಮನಸ್ಸಿನೊಳಗೆ ಏನಿದೆ ಎಂದು ಕೆದಕುವ ಪರೀಕ್ಷೆಯೂ ಅಲ್ಲ. ಸಿಪಿಆರ್ ಕಲಿಯುವುದನ್ನು ನೆನಪಿಸಿಕೊಳ್ಳಿ. ಹೃದಯ ಹೇಗೆ ಕೆಲಸ ಮಾಡುತ್ತದೆ ಎಂದು ಗೊತ್ತಿದ್ದ ಮಾತ್ರಕ್ಕೆ ಯಾರಿಗೂ ಸಿಪಿಆರ್ ಮಾಡಲು ಬರುವುದಿಲ್ಲ. ಗೊಂಬೆಯ ಎದೆಯ ಮೇಲೆ ಕೈಯಿಟ್ಟು ಮತ್ತೆ ಮತ್ತೆ ಒತ್ತಿ ಅಭ್ಯಾಸವಾಗಿದ್ದರೆ ಮಾತ್ರ ಗಾಬರಿಯ ಹೊತ್ತಿನಲ್ಲಿ ಕೈ ಓಡುತ್ತದೆ. ಇಲ್ಲಿ ಹಾಗೆ ಪಳಗಬೇಕಿರುವುದು ನಾಲಿಗೆ.

ಬೈಯುವವರಿಗೆ ಬುದ್ಧಿ ಹೇಳುವುದು ಬಿಟ್ಟು ಪಕ್ಕದಲ್ಲಿದ್ದವರಿಗೆ ಏಕೆ ತರಬೇತಿ?

ಬೈಯುವವರಿಗೂ ಬುದ್ಧಿ ಹೇಳಬೇಕು, ಆ ಕೆಲಸ ಆಡಳಿತದ್ದು. ಆದರೆ ಮಾತು ಬಿದ್ದ ಗಳಿಗೆಯಲ್ಲಿ ಅಲ್ಲಿ ಆಡಳಿತ ಇರುವುದಿಲ್ಲ, ನೀವು ಇರುತ್ತೀರಿ.

ಇನ್ನೂ ಒಂದು ಕಾರಣವಿದೆ. ಏಟು ತಿಂದವರೇ ಎದುರು ಮಾತಾಡಿದರೆ ‘ಇವರಿಗೆ ಸಣ್ಣದಕ್ಕೂ ಕೋಪ’, ‘ಎಲ್ಲದರಲ್ಲೂ ಬಣ್ಣ ಹುಡುಕುತ್ತಾರೆ’ ಎಂಬ ಹಣೆಪಟ್ಟಿ ಬೀಳುತ್ತದೆ. ಮನಃಶಾಸ್ತ್ರಜ್ಞರಾದ ಅಲೆಕ್ಸಾಂಡರ್ ಝಾಪ್ ಮತ್ತು ಮಾರ್ಗೊ ಮಾಂಟೀತ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದು ಸ್ಪಷ್ಟವಾಗಿ ಕಂಡಿತು. ಪೂರ್ವಗ್ರಹದ ಮಾತನ್ನು ಆ ಗುಂಪಿಗೆ ಸೇರದವರು ಎತ್ತಿ ತೋರಿಸಿದಾಗ ಆಡಿದವರು ಹೆಚ್ಚು ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ, ಗುರಿಯಾದವರೇ ಹೇಳಿದರೆ ‘ಅತಿಯಾಯಿತು’ ಎಂದು ತಳ್ಳಿಹಾಕುವುದು ಹೆಚ್ಚು. ಇದು ಅನ್ಯಾಯ, ನಿಜ. ಆದರೆ ಅದೇ ಕಾರಣಕ್ಕೆ ಪಕ್ಕದಲ್ಲಿದ್ದವರ ಒಂದು ಮಾತಿಗೆ ತೂಕ ಹೆಚ್ಚು. ದಿನವಿಡೀ ಕೆಲಸ ಮಾಡಿ, ಅವಮಾನವನ್ನೂ ನುಂಗಿ, ಅದರ ಮೇಲೆ ಎದುರಿನವರಿಗೆ ಪಾಠ ಹೇಳುವ ಹೊರೆಯನ್ನೂ ನೊಂದವರೇ ಹೊರಬೇಕು ಎನ್ನುವುದು ನನ್ನ ಮಟ್ಟಿಗೆ ಒಪ್ಪಲಾಗದ ಮಾತು.

ನನ್ನ ಎದುರಿಗೆ ಹಾಗೆ ನಡೆದರೆ ನಾನು ಸುಮ್ಮನಿರುವವಳೇ ಅಲ್ಲ. ನನಗೂ ತರಬೇತಿ ಬೇಕೆ?

ಬೇಕು. ನಿಮ್ಮ ಒಳ್ಳೆಯತನದ ಮೇಲೆ ಅನುಮಾನವಿಲ್ಲ. ಕೆರ‍್ರಿ ಕವಾಕಮಿ ಮತ್ತು ಸಂಗಡಿಗರು 2009ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪ್ರಯೋಗವನ್ನು ವರದಿ ಮಾಡಿದರು. ಕಪ್ಪುವರ್ಣೀಯರ ಬಗ್ಗೆ ಒಬ್ಬ ಕೆಟ್ಟ ಮಾತಾಡುತ್ತಾನೆ ಎಂದು ಊಹಿಸಿಕೊಳ್ಳಲು ಹೇಳಿದಾಗ, ತಮಗೆ ತುಂಬ ಬೇಸರವಾಗುತ್ತದೆ, ಅವನ ಜೊತೆ ಸೇರುವುದಿಲ್ಲ ಎಂದೇ ಬಹಳ ಜನ ಹೇಳಿದರು. ಅದೇ ಮಾತನ್ನು ನಿಜವಾಗಿಯೂ ಅವರ ಎದುರಿಗೆ ಆಡಿಸಿದಾಗ ಹೆಚ್ಚಿನವರ ಮುಖದಲ್ಲಿ ಅಂಥ ಬೇಸರ ಕಾಣಲಿಲ್ಲ, ಅವನನ್ನು ದೂರವಿಡಲೂ ಇಲ್ಲ. ಊಹೆಯಲ್ಲಿ ಇರುವ ನಾವೇ ಬೇರೆ, ಆ ಕೋಣೆಯಲ್ಲಿ ಇರುವ ನಾವೇ ಬೇರೆ.

ಜನ ಏಕೆ ಸುಮ್ಮನಿರುತ್ತಾರೆ?

1964ರಲ್ಲಿ ನ್ಯೂಯಾರ್ಕಿನಲ್ಲಿ ಕಿಟ್ಟಿ ಜಿನೊವೀಸ್ ಎಂಬ ಯುವತಿಯ ಕೊಲೆಯಾಯಿತು. 38 ಜನ ನೋಡುತ್ತ ನಿಂತಿದ್ದರು, ಒಬ್ಬರೂ ನೆರವಿಗೆ ಬರಲಿಲ್ಲ ಎಂದು ಪತ್ರಿಕೆ ಬರೆಯಿತು. ಆ ವರದಿ ಬಹುಪಾಲು ಉತ್ಪ್ರೇಕ್ಷೆ ಎಂಬುದು ಮುಂದೆ ಬಯಲಾಯಿತು. ಆದರೆ ಅದು ಎಬ್ಬಿಸಿದ ಪ್ರಶ್ನೆಯಿಂದ ಮನಃಶಾಸ್ತ್ರಜ್ಞರಾದ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ 1968ರ ಪ್ರಯೋಗ ಮಾಡಿದರು. ಇಂಟರ್‌ಕಾಮ್‌ನಲ್ಲಿ ಒಬ್ಬನಿಗೆ ಫಿಟ್ಸ್ ಬಂದಂತೆ ಕೇಳಿಸಿದಾಗ, ತಾನೊಬ್ಬನೇ ಕೇಳಿಸಿಕೊಳ್ಳುತ್ತಿದ್ದೇನೆ ಎಂದು ನಂಬಿದವರಲ್ಲಿ ಶೇ. 85ರಷ್ಟು ಜನ ಅದು ಮುಗಿಯುವ ಮೊದಲೇ ನೆರವಿಗೆ ಎದ್ದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದು ನಂಬಿದವರಲ್ಲಿ ಎದ್ದವರು ಶೇ. 31 ಮಾತ್ರ. ‘ಬೇರೆ ಯಾರಾದರೂ ನೋಡಿಕೊಳ್ಳುತ್ತಾರೆ’ ಎಂಬ ಭಾವನೆ ಅಷ್ಟು ಬಲವಾದದ್ದು.

ಹಾಗೆಂದು ಮನುಷ್ಯರೇ ಹೀಗೆ ಎಂದು ಕೈಚೆಲ್ಲಬೇಕಾಗಿಲ್ಲ. ಬ್ರಿಟನ್, ನೆದರ್‌ಲೆಂಡ್ಸ್, ದಕ್ಷಿಣ ಆಫ್ರಿಕಾದ ಬೀದಿ ಜಗಳಗಳ ಸಿಸಿಟಿವಿ ದೃಶ್ಯಗಳನ್ನು ಪರಿಶೀಲಿಸಿದ ಸಂಶೋಧಕರು ಹತ್ತರಲ್ಲಿ ಒಂಬತ್ತು ಜಗಳಗಳಲ್ಲಿ ಯಾರಾದರೂ ಒಬ್ಬರು ಮಧ್ಯೆ ಬಂದದ್ದನ್ನು ಕಂಡರು. ಕಣ್ಣಿಗೆ ಕಾಣುವ ಹೊಡೆದಾಟದಲ್ಲಿ ಜನ ಮುಂದೆ ಬರುತ್ತಾರೆ. ಜನಾಂಗೀಯ ನಿಂದನೆ ಹಾಗೆ ಕಣ್ಣಿಗೆ ಹೊಡೆಯುವಂತೆ ಇರುವುದು ಕಡಿಮೆ. ಅದು ರೌಂಡ್ಸ್ ಮಧ್ಯೆ ಒಂದು ನಗುವಿನಲ್ಲಿ, ಮುಂದಿನ ಶಿಫ್ಟಿನವರಿಗೆ ರೋಗಿಗಳನ್ನು ಒಪ್ಪಿಸುವ ಹ್ಯಾಂಡೋವರ್ ಹೊತ್ತಿನ ಒಂದು ಪದದಲ್ಲಿ ನುಸುಳಿ ಹೋಗುತ್ತದೆ. ‘ನಾನು ಸರಿಯಾಗಿ ಕೇಳಿಸಿಕೊಂಡೆನೇ?’ ಎಂದು ಯೋಚಿಸುವಷ್ಟರಲ್ಲಿ ಎಲ್ಲರೂ ಮುಂದಿನ ಬೆಡ್ ಹತ್ತಿರ ಹೋಗಿರುತ್ತಾರೆ.

ಆಸ್ಪತ್ರೆಗೆ ಅದರದ್ದೇ ಆದ ಕಾರಣಗಳೂ ಇವೆ. ಮೇಲು ಕೀಳಿನ ಏಣಿ ಗಟ್ಟಿ. ಮಾತಾಡಿದವರ ಕೈಯಲ್ಲಿ ನಿಮ್ಮ ಅಂಕ, ರೋಸ್ಟರ್, ಶಿಫಾರಸು ಪತ್ರ ಇರುತ್ತವೆ. ಬೈಯುತ್ತಿರುವುದು ನೋವಿನಲ್ಲಿರುವ ರೋಗಿಯಾದರೆ ಎದುರಾಡುವುದೇ ಪಾಪವೇನೋ ಅನ್ನಿಸುತ್ತದೆ. ಮೇಲಾಗಿ ಕೆಲಸ ಬೆಟ್ಟದಷ್ಟು ಬಿದ್ದಿರುತ್ತದೆ.

ಸಣ್ಣ ಪುಟ್ಟ ಮಾತಿಗೆಲ್ಲ ಜನಾಂಗೀಯತೆ ಎಂದರೆ ಹೇಗೆ?

ಈ ಪ್ರಶ್ನೆ ಪ್ರತಿ ಬಾರಿ ಬರುತ್ತದೆ. ಕೇಳುವವರು ಸಾಮಾನ್ಯವಾಗಿ ಕೆಟ್ಟವರಲ್ಲ, ಹಾಗಾಗಿ ಸಾವಧಾನವಾಗಿ ಉತ್ತರಿಸಬೇಕು.

ದಿನನಿತ್ಯದ ಈ ಸಣ್ಣ ಚುಚ್ಚುಗಳಿಗೆ ‘ಮೈಕ್ರೋಅಗ್ರೆಷನ್’ ಎಂಬ ಹೆಸರು ಕೊಟ್ಟವರು ಒಬ್ಬ ವೈದ್ಯರೇ. ಅಮೆರಿಕದ ಕಪ್ಪುವರ್ಣೀಯ ಮನೋವೈದ್ಯ ಚೆಸ್ಟರ್ ಪಿಯರ್ಸ್, 1970ರಲ್ಲಿ. ಉದಾಹರಣೆಗಳು ನಿಮಗೆ ಹೊಸವೇನಲ್ಲ. ಬಿಳಿ ಕೋಟು ಹಾಕಿ, ಸ್ಟೆತಸ್ಕೋಪ್ ಕೊರಳಿಗೆ ಹಾಕಿಕೊಂಡು ನಿಂತ ವೈದ್ಯೆಯ ಕೈಗೆ ಊಟದ ತಟ್ಟೆ ಕೊಟ್ಟು ‘ಇದನ್ನು ತೆಗೆದುಕೊಂಡು ಹೋಗಮ್ಮ’ ಎನ್ನುವುದು. ‘ನೀನು ನಿಜವಾಗಿಯೂ ಎಲ್ಲಿಯವನು?’ ಎಂದು ಮೂರನೇ ಸಲ ಕೇಳುವುದು. ಹೆಸರು ಕಷ್ಟ ಎಂದು ತಾವೇ ಒಂದು ಅಡ್ಡಹೆಸರಿಟ್ಟು ಕರೆಯುವುದು. ‘ಪರವಾಗಿಲ್ಲವೇ, ಎಷ್ಟು ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತೀಯ’ ಎಂದು ಇಪ್ಪತ್ತು ವರ್ಷ ಸೇವೆ ಮಾಡಿದ ನರ್ಸಿಗೆ ಹೇಳುವುದು. ಕಷ್ಟದ ರೋಗಿಗಳನ್ನು ಪ್ರತಿ ಶಿಫ್ಟಿನಲ್ಲೂ ಹೊರದೇಶದಿಂದ ಬಂದ ನರ್ಸಿಗೇ ಹಾಕುವುದು.

ಇವುಗಳಲ್ಲಿ ಯಾವುದೋ ಒಂದನ್ನು ಒಮ್ಮೆ ಕೇಳಿದರೆ ಮರೆತುಬಿಡಬಹುದು. ಆದರೆ ಕೇಳುವವರಿಗೆ ಅದು ಒಂದೇ ಒಂದು ಸಲ ಬರುವುದಿಲ್ಲ. ಹೇಳಿದವರ ಉದ್ದೇಶ ಏನಿತ್ತು ಎಂಬ ವಾದಕ್ಕೆ ಇಳಿಯಬೇಡಿ, ಅದು ಎಂದೂ ಬಗೆಹರಿಯುವುದಿಲ್ಲ. ಆ ಮಾತು ಏನು ಮಾಡಿತು ಎಂಬುದನ್ನು ಹಿಡಿದುಕೊಳ್ಳಿ. ಮಾತು ಎಷ್ಟು ಸಣ್ಣದೋ ನಿಮ್ಮ ಉತ್ತರವೂ ಅಷ್ಟೇ ಸಣ್ಣದಾಗಿದ್ದರೆ ಸಾಕು. ಮೇಲಿನ ಊಟದ ತಟ್ಟೆಯ ಪ್ರಸಂಗಕ್ಕೆ ದೂರು ಪತ್ರ ಬೇಕಿಲ್ಲ. ‘ಇವರು ನಿಮ್ಮ ಡಾಕ್ಟರ್. ತಟ್ಟೆ ನನ್ನ ಕೈಗೆ ಕೊಡಿ’ ಎಂದರೆ ಮುಗಿಯಿತು.

ಇದು ಸಿಬ್ಬಂದಿಯ ಮನಸ್ತಾಪದ ವಿಷಯ. ರೋಗಿಯ ಸುರಕ್ಷತೆಗೂ ಇದಕ್ಕೂ ಏನು ಸಂಬಂಧ?

ಹತ್ತಿರದ ಸಂಬಂಧ ಇದೆ. ಮೊದಲು ಸಿಬ್ಬಂದಿಯ ಕಡೆಯಿಂದ ನೋಡೋಣ. 2015ರಲ್ಲಿ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಬಂದ ಇಸ್ರೇಲಿನ ಅಧ್ಯಯನದಲ್ಲಿ ನವಜಾತ ಶಿಶುಗಳ ಐಸಿಯು ತಂಡಗಳಿಗೆ ಅಭ್ಯಾಸಕ್ಕಾಗಿ ಒಂದು ಕೇಸ್ ಕೊಟ್ಟರು. ಕೆಲವು ತಂಡಗಳ ಮುಂದೆ ಹೊರಗಿನಿಂದ ಬಂದ ತಜ್ಞನೊಬ್ಬ ಒರಟಾಗಿ, ತುಚ್ಛವಾಗಿ ಮಾತಾಡಿದ. ಆ ತಂಡಗಳ ರೋಗನಿರ್ಣಯವೂ ಕೈಕೆಲಸವೂ ಎದ್ದು ಕಾಣುವಷ್ಟು ಕುಸಿದವು. ಕಾರಣ, ಅವರು ಪರಸ್ಪರ ಕೇಳುವುದನ್ನು, ಹಂಚಿಕೊಳ್ಳುವುದನ್ನು ಕಡಿಮೆ ಮಾಡಿದರು. ಅದು ಜನಾಂಗದ ವಿಷಯಕ್ಕೆ ಬಾರದ ಬರೀ ಒರಟುತನ. ಹುಟ್ಟನ್ನೇ ಹಿಡಿದು ಅವಮಾನಿಸಿದ ಮೇಲೆ ಒಬ್ಬ ನರ್ಸ್ ‘ಸರ್, ಈ ಡೋಸ್ ಇನ್ನೊಮ್ಮೆ ನೋಡುತ್ತೀರಾ?’ ಎಂದು ಧೈರ್ಯವಾಗಿ ಕೇಳುತ್ತಾಳೆ ಎಂದು ನಾವು ಹೇಗೆ ನಿರೀಕ್ಷಿಸುವುದು?

ಇನ್ನು ರೋಗಿಯ ಕಡೆಯಿಂದ. 2008ರ ಸೆಪ್ಟೆಂಬರಿನಲ್ಲಿ ಕೆನಡಾದ ವಿನಿಪೆಗ್ ನಗರದ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ಬ್ರಯಾನ್ ಸಿಂಕ್ಲೇರ್ ಎಂಬ ಮೂಲನಿವಾಸಿ ವ್ಯಕ್ತಿ ಗಾಲಿಕುರ್ಚಿಯಲ್ಲಿ 34 ಗಂಟೆ ಕಾದು, ಯಾರೂ ನೋಡದೆ ಸತ್ತುಹೋದರು. ಇದ್ದದ್ದು ಕ್ಯಾತಿಟರ್ (ಮೂತ್ರ ಹೊರಬಿಡುವ ಕೊಳವೆ) ಕಟ್ಟಿಕೊಂಡು ಆದ ಮೂತ್ರಕೋಶದ ಸೋಂಕು, ಸಮಯಕ್ಕೆ ನೋಡಿದ್ದರೆ ವಾಸಿಯಾಗುವಂಥದ್ದು. ಕುಡಿದು ಮಲಗಿದ್ದಾನೆ, ಮನೆಮಠ ಇಲ್ಲದವನು ಬಂದು ಕೂತಿದ್ದಾನೆ ಎಂದು ಸಿಬ್ಬಂದಿಯಲ್ಲಿ ಕೆಲವರು ಅಂದುಕೊಂಡಿದ್ದರು. ಅಲ್ಲಿ ಕಾಯುತ್ತಿದ್ದ ಬೇರೆಯವರು ಸಿಬ್ಬಂದಿಗೆ ಹೇಳಿಯೂ ನೋಡಿದರು. ಪಕ್ಕದಲ್ಲಿದ್ದವರ ಮಾತನ್ನು ಕಿವಿಗೆ ಹಾಕಿಕೊಳ್ಳುವ ವ್ಯವಸ್ಥೆಯೂ ಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ.

2020ರ ಸೆಪ್ಟೆಂಬರ್ 28ರಂದು ಕೆನಡಾದ್ದೇ ಕ್ವಿಬೆಕ್ ಪ್ರಾಂತ್ಯದ ಜೋಲಿಯೆಟ್ ಆಸ್ಪತ್ರೆಯಲ್ಲಿ ಏಳು ಮಕ್ಕಳ ತಾಯಿ, ಅಟಿಕಮೆಕ್ ಮೂಲನಿವಾಸಿ ಮಹಿಳೆ ಜಾಯ್ಸ್ ಎಷಕ್ವಾನ್ ಸಾಯುವ ಮುನ್ನ, ಸಿಬ್ಬಂದಿ ತಮ್ಮನ್ನು ಹೀಯಾಳಿಸುತ್ತಿದ್ದುದನ್ನು ಫೇಸ್‌ಬುಕ್ ಲೈವ್‌ನಲ್ಲಿ ಜಗತ್ತಿಗೇ ಕೇಳಿಸಿದರು. ಜನಾಂಗೀಯತೆ ಮತ್ತು ಪೂರ್ವಗ್ರಹ ಈ ಸಾವಿಗೆ ಕೊಡುಗೆ ನೀಡಿವೆ ಎಂದು ಮರಣ ವಿಚಾರಣೆ ನಡೆಸಿದ ಅಧಿಕಾರಿ 2021ರಲ್ಲಿ ದಾಖಲಿಸಿದರು. ಆ ದೃಶ್ಯವನ್ನು ನೋಡುವಾಗ ಬೈದವರಷ್ಟೇ ನನ್ನ ಮನಸ್ಸಿಗೆ ಬರುವುದಿಲ್ಲ. ಒಬ್ಬರು ಬೈದಾಗ ಇನ್ನೊಬ್ಬರು ತಡೆದಿದ್ದರೆ, ಆ ಇನ್ನೊಬ್ಬರೇ ಮುಂದೆ ಬಂದು ನಾಡಿ ಹಿಡಿದು ನೋಡುತ್ತಿದ್ದರಲ್ಲವೆ?

ಇವರೆಲ್ಲ ಕಟುಕರು, ನಾವು ಹಾಗಲ್ಲ ಎನ್ನುವುದೂ ಸುಲಭವಲ್ಲ. ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ 222 ಬಿಳಿಯ ವೈದ್ಯ ವಿದ್ಯಾರ್ಥಿಗಳು ಮತ್ತು ರೆಸಿಡೆಂಟ್‌ಗಳನ್ನು (ತರಬೇತಿಯಲ್ಲಿರುವ ವೈದ್ಯರನ್ನು) ಪ್ರಶ್ನಿಸಿದಾಗ, ‘ಕಪ್ಪುವರ್ಣೀಯರ ಚರ್ಮ ದಪ್ಪ’ ಎಂಬಂಥ ಸುಳ್ಳು ನಂಬಿಕೆಗಳಲ್ಲಿ ಕನಿಷ್ಠ ಒಂದನ್ನಾದರೂ ಸುಮಾರು ಅರ್ಧದಷ್ಟು ಜನ ಒಪ್ಪಿದ್ದರು. ಅಂಥ ನಂಬಿಕೆ ಇದ್ದವರು ಕಪ್ಪುವರ್ಣೀಯ ರೋಗಿಯ ನೋವನ್ನು ಕಡಿಮೆ ಎಂದು ಅಂದಾಜಿಸಿದರು. ‘ಆ ಜನ ನೋವನ್ನು ದೊಡ್ಡದು ಮಾಡಿ ಹೇಳುತ್ತಾರೆ’ ಎಂಬ ಮಾತು ಸ್ಟಾಫ್ ರೂಮಿನಲ್ಲಿ ಬಿದ್ದಾಗ, ಯಾರೂ ಬೇಡವೆನ್ನದಿದ್ದರೆ, ಅದು ನೋವಿನ ಮಾತ್ರೆಯ ಡೋಸಿನವರೆಗೂ ಹೋಗುತ್ತದೆ.

ಆ ಕ್ಷಣದಲ್ಲಿ ನಾನು ಏನೇನು ಮಾಡಬಹುದು?

‘ಹಾಲಾಬ್ಯಾಕ್’ ಎಂದು ಶುರುವಾಗಿ ಈಗ ‘ರೈಟ್ ಟು ಬಿ’ ಎಂಬ ಹೆಸರಿರುವ ಸಂಸ್ಥೆ ಐದು ದಾರಿಗಳನ್ನು ಕಲಿಸುತ್ತದೆ. ಅನೇಕ ಆಸ್ಪತ್ರೆಗಳ ತರಬೇತಿಗಳು ಇದನ್ನೇ ಬಳಸಿಕೊಂಡಿವೆ. ಐದನ್ನೂ ಒಟ್ಟಿಗೆ ಮಾಡಬೇಕಿಲ್ಲ, ಆ ಹೊತ್ತಿಗೆ ಕೈಗೆಟುಕುವ ಒಂದು ಸಾಕು.

ಗಮನ ತಿರುಗಿಸುವುದು ಮೊದಲನೆಯದು. ಬೈಯುವವರ ಮಾತಿಗೆ ಉತ್ತರಿಸದೆ ನೊಂದವರನ್ನು ಅಲ್ಲಿಂದ ಬಿಡಿಸುವುದು. ‘ಸಿಸ್ಟರ್, ಆರನೇ ಬೆಡ್‌ನ ಕ್ಯಾನುಲಾ ನೋಡಲು ಒಂದು ನಿಮಿಷ ಬರುತ್ತೀರಾ?’ ವಾರ್ಡಿನಲ್ಲಿ ಇದು ಎಷ್ಟು ಸಹಜವಾಗಿ ನಡೆಯುತ್ತದೆಂದರೆ ಯಾರಿಗೂ ಅನುಮಾನವೇ ಬರುವುದಿಲ್ಲ. ಹೊಸಬರಿಗೆ ನಾನು ಮೊದಲು ಹೇಳಿಕೊಡುವುದು ಇದನ್ನೇ.

ಎರಡನೆಯದು ಬೇರೆಯವರನ್ನು ಕರೆಯುವುದು. ವಾರ್ಡ್ ಇನ್‌ಚಾರ್ಜ್, ಡ್ಯೂಟಿ ಮ್ಯಾನೇಜರ್, ಸೆಕ್ಯುರಿಟಿ, ಇಲ್ಲವೇ ನಿಮಗಿಂತ ಧೈರ್ಯವಾಗಿ ಮಾತಾಡಬಲ್ಲ ಒಬ್ಬ ಸಹೋದ್ಯೋಗಿ. ‘ಯಾರಾದರೂ ಬನ್ನಿ’ ಎಂದರೆ ಯಾರೂ ಬರುವುದಿಲ್ಲ, ಹೆಸರು ಹಿಡಿದು ಕರೆಯಿರಿ.

ಮೂರನೆಯದು ದಾಖಲಿಸುವುದು: ದಿನ, ಹೊತ್ತು, ಜಾಗ, ಅಲ್ಲಿದ್ದವರು, ಆಡಿದ ಮಾತು ಇದ್ದ ಹಾಗೇ. ‘ಅಸಭ್ಯವಾಗಿ ಮಾತಾಡಿದರು’ ಎಂದು ಬರೆದರೆ ದೂರು ಅಲ್ಲಿಗೇ ಸತ್ತಿತು. ಪದ ಎಷ್ಟೇ ಕೆಟ್ಟದ್ದಿರಲಿ, ಅದನ್ನೇ ಬರೆಯಬೇಕು. ಬರೆದದ್ದನ್ನು ಏನು ಮಾಡಬೇಕು ಎಂಬ ತೀರ್ಮಾನ ಮಾತ್ರ ನೊಂದವರದ್ದು.

ನಾಲ್ಕನೆಯದು ಆಮೇಲೆ ಹೋಗಿ ವಿಚಾರಿಸುವುದು. ಆ ಗಳಿಗೆಯಲ್ಲಿ ಬಾಯಿಗೆ ಮಾತು ಬರಲಿಲ್ಲ ಎಂದರೂ ಇದು ತಪ್ಪಬಾರದು. ಕೆಳಗೆ ಇದಕ್ಕೇ ಬೇರೆ ಉತ್ತರವಿದೆ.

ಐದನೆಯದು ನೇರವಾಗಿ ಹೇಳುವುದು. ಎಲ್ಲರೂ ತರಬೇತಿ ಎಂದರೆ ಇದೊಂದೇ ಎಂದುಕೊಂಡು ಹೆದರುತ್ತಾರೆ. ನೇರ ಮಾತು ಎಂದರೆ ಭಾಷಣವಲ್ಲ. ಒಂದು ವಾಕ್ಯ, ಎರಡಾದರೆ ಹೆಚ್ಚು. ‘ಇಲ್ಲಿ ಯಾರನ್ನೂ ಹಾಗೆ ಕರೆಯುವುದಿಲ್ಲ.’ ‘ಆ ಮಾತು ನನಗೆ ಸರಿ ಕಾಣಲಿಲ್ಲ.’ ‘ಹಾಗೆಂದರೆ ಏನು, ನನಗೆ ಅರ್ಥವಾಗಲಿಲ್ಲ, ಬಿಡಿಸಿ ಹೇಳುತ್ತೀರಾ?’ ಕೊನೆಯದು ಸಾಧುವಾಗಿ ಕಾಣುತ್ತದೆ, ಆದರೆ ಬಹಳ ಬಲವಾದದ್ದು. ತಾನಾಡಿದ ಮಾತನ್ನು ಬಿಡಿಸಿ ಹೇಳಲು ಹೊರಟವರಿಗೆ ಅದು ಹೇಗಿದೆ ಎಂದು ತಮಗೇ ಕೇಳಿಸುತ್ತದೆ. ದನಿ ಏರಿಸುವ ಅಗತ್ಯವೂ ಇಲ್ಲ. ಝಾಪ್ ಮತ್ತು ಸಂಗಡಿಗರ 2006ರ ಅಧ್ಯಯನದಲ್ಲಿ ಎತ್ತಿ ತೋರಿಸಿದ ಮೇಲೆ ಜನ ಪೂರ್ವಗ್ರಹದ ಉತ್ತರಗಳನ್ನು ಕಡಿಮೆ ಮಾಡಿದರು, ಮೃದುವಾಗಿ ಹೇಳಿದಾಗಲೂ ಅದೇ ಫಲ ಸಿಕ್ಕಿತು. ಹೇಳಿದವರನ್ನು ಅವರು ಅಷ್ಟಾಗಿ ಇಷ್ಟಪಡಲಿಲ್ಲ ಎಂಬುದೂ ಅದರಲ್ಲೇ ಇದೆ. ಆ ಬೆಲೆ ತೆರಬೇಕಾಗುತ್ತದೆ ಎಂದು ತಿಳಿದೇ ಮಾತಾಡಿ.

ಬೈಯುತ್ತಿರುವುದು ರೋಗಿ. ಆಗ ಏನು ಮಾಡುವುದು?

ಮೊದಲು ರೋಗಿಯ ಸ್ಥಿತಿ ನೋಡಿ. ಡೆಲಿರಿಯಂ (ಕಾಯಿಲೆಯಿಂದ ದಿಢೀರನೆ ಬರುವ ಮನಸ್ಸಿನ ಗೊಂದಲ), ಡಿಮೆನ್ಷಿಯಾ (ಮರೆವಿನ ಕಾಯಿಲೆ), ತಲೆಗೆ ಪೆಟ್ಟು, ಸಕ್ಕರೆ ತೀರ ಇಳಿದಿರುವುದು, ಆಮ್ಲಜನಕ ಕಡಿಮೆಯಾಗಿರುವುದು ಇವೆಲ್ಲ ಮನುಷ್ಯನ ಬಾಯಲ್ಲಿ ಏನನ್ನಾದರೂ ಆಡಿಸುತ್ತವೆ. ಅಂಥವರಿಗೆ ತಿದ್ದಿ ಹೇಳಿ ಪ್ರಯೋಜನವಿಲ್ಲ, ಚಿಕಿತ್ಸೆ ಬೇಕು. ಆದರೆ ಇಲ್ಲಿ ಎಚ್ಚರ: ರೋಗಿಗೆ ಅರಿವಿಲ್ಲ ಎಂದ ಮಾತ್ರಕ್ಕೆ ಕೇಳಿಸಿಕೊಂಡ ಸಿಬ್ಬಂದಿಗೆ ನೋವಾಗಲಿಲ್ಲ ಎಂದಲ್ಲ. ‘ಪಾಪ, ಅವರಿಗೆ ಬುದ್ಧಿ ಸ್ಥಿಮಿತದಲ್ಲಿಲ್ಲ, ಬಿಡು’ ಎಂದು ನೊಂದವರನ್ನೇ ಸುಮ್ಮನಾಗಿಸುವುದು ಎರಡನೇ ಏಟು.

ರೋಗಿಗೆ ಅರಿವಿದೆ, ಪ್ರಾಣಾಪಾಯವೂ ಇಲ್ಲ ಎಂದಾದರೆ ಮಾತು ಸ್ಪಷ್ಟವಾಗಿರಲಿ. ‘ನಿಮಗೆ ನೋವಿದೆ ಎಂದು ಗೊತ್ತು, ಅದಕ್ಕೆ ಬೇಕಾದ್ದನ್ನು ಮಾಡುತ್ತಿದ್ದೇವೆ. ಆದರೆ ನಮ್ಮ ಸಿಬ್ಬಂದಿಯ ಜೊತೆ ಹಾಗೆ ಮಾತಾಡುವಂತಿಲ್ಲ.’ ಈ ಎರಡು ವಾಕ್ಯಗಳ ಕ್ರಮ ಮುಖ್ಯ. ಚಿಕಿತ್ಸೆ ನಿಲ್ಲುವುದಿಲ್ಲ ಎಂಬ ಭರವಸೆ ಮೊದಲು, ಗೆರೆ ಆಮೇಲೆ. ಹೇಳಿದ ಮೇಲೆ ಕೋಣೆ ಬಿಟ್ಟು ಹೋಗಬೇಡಿ, ಕೆಲಸ ಮುಂದುವರಿಸಿ. ಸಹೋದ್ಯೋಗಿಯನ್ನು ಒಂದು ಕ್ಷಣ ನೋಡಿ: ಇಲ್ಲೇ ಇರಬೇಕೋ, ಹೊರಗೆ ಹೋಗಬೇಕೋ ಎಂಬುದು ಅವರ ಇಷ್ಟ. ನೀವೇ ತೀರ್ಮಾನಿಸಿ ಅವರನ್ನು ಆಚೆ ಕಳಿಸಿದರೆ, ತಪ್ಪು ಅವರದ್ದೇ ಎಂಬಂತೆ ಕಾಣುತ್ತದೆ.

‘ಆ ಡಾಕ್ಟರ್ ಬೇಡ, ನಮ್ಮವರನ್ನು ಕಳಿಸಿ’ ಎಂದು ರೋಗಿ ಹಟ ಹಿಡಿದರೆ?

2016ರಲ್ಲಿ ಕಿಮಾನಿ ಪಾಲ್-ಎಮಿಲ್ ಮತ್ತು ಸಹಲೇಖಕರು ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಇದಕ್ಕೊಂದು ದಾರಿ ತೋರಿಸಿದರು. ರೋಗಿಯ ಸ್ಥಿತಿ ಎಷ್ಟು ತುರ್ತಿನದು, ತೀರ್ಮಾನ ತೆಗೆದುಕೊಳ್ಳುವ ಅರಿವು ಇದೆಯೇ, ಬೇಡಿಕೆಯ ಹಿಂದಿನ ಕಾರಣವೇನು, ವೈದ್ಯರ ಮೇಲೆ ಆಗುವ ಪರಿಣಾಮವೇನು, ಬೇರೆ ಯಾವ ವ್ಯವಸ್ಥೆ ಸಾಧ್ಯ ಎಂಬುದನ್ನು ತೂಗಿ ನೋಡಬೇಕು. ಕಾರಣ ಮುಖ್ಯ. ಅತ್ಯಾಚಾರಕ್ಕೊಳಗಾದ ಮಹಿಳೆ ಮಹಿಳಾ ವೈದ್ಯರನ್ನು ಕೇಳುವುದು, ತನ್ನ ಭಾಷೆ ಬಲ್ಲವರು ಬೇಕೆಂದು ಹಿರಿಯರೊಬ್ಬರು ಕೇಳುವುದು ಬೇರೆ. ಬಣ್ಣ ನೋಡಿ ಮುಟ್ಟಬೇಡ ಎನ್ನುವುದು ಬೇರೆ.

ಆಡಳಿತ ಇಂಥ ಬೇಡಿಕೆಗೆ ಸುಮ್ಮನೆ ತಲೆಬಾಗಿದರೆ ಕಾನೂನಿನ ತೊಂದರೆಯೂ ಇದೆ. ಅಮೆರಿಕದ ಇಂಡಿಯಾನಾ ರಾಜ್ಯದ ಒಂದು ಆರೈಕೆ ಕೇಂದ್ರ, ನಿವಾಸಿಯೊಬ್ಬರು ಕೇಳಿದರೆಂದು ಕಪ್ಪುವರ್ಣೀಯ ಸಹಾಯಕಿಯನ್ನು ಆ ಕೋಣೆಗೆ ಹೋಗದಂತೆ ತಡೆದಿತ್ತು. ಅದು ಉದ್ಯೋಗದಲ್ಲಿನ ತಾರತಮ್ಯ ನಿಷೇಧಿಸುವ ಕಾನೂನಿನ ಉಲ್ಲಂಘನೆ ಎಂದು 2010ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಹೇಳಿತು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ 2020ರ ಏಪ್ರಿಲ್‌ನಿಂದ, ಸಿಬ್ಬಂದಿಯನ್ನು ಜನಾಂಗೀಯವಾಗಿ ನಿಂದಿಸುವ ರೋಗಿಗೆ ತುರ್ತಲ್ಲದ ಚಿಕಿತ್ಸೆಯನ್ನು ನಿರಾಕರಿಸುವ ಅವಕಾಶ ಕೊಟ್ಟಿತು.

ಪಕ್ಕದಲ್ಲಿದ್ದವರಾಗಿ ನೀವು ಹೇಳಬೇಕಾದದ್ದು ಇಷ್ಟೇ: ‘ಈ ಕೆಲಸಕ್ಕೆ ಅರ್ಹತೆ ಇರುವ ಡಾಕ್ಟರ್ ಇವರು. ಇವರ ಚಿಕಿತ್ಸೆಯಲ್ಲಿ ನನಗೆ ಪೂರ್ತಿ ನಂಬಿಕೆಯಿದೆ.’ ಕೂಡಲೇ ‘ಆಗಲಿ, ನಾನೇ ನೋಡುತ್ತೇನೆ’ ಎಂದು ಮುಂದಾಗಬೇಡಿ. ಕೆಲಸ ಸುಲಭವಾಗಿ ಮುಗಿಯಿತು ಅನ್ನಿಸುತ್ತದೆ, ಆದರೆ ಸಹೋದ್ಯೋಗಿಯ ಎದುರಿಗೇ ರೋಗಿಯ ಮಾತನ್ನು ನೀವು ಒಪ್ಪಿದ ಹಾಗಾಯಿತು.

ಮಾತಾಡಿದವರು ನನ್ನ ಮೇಲಿನ ಹಿರಿಯ ವೈದ್ಯರು, ನನ್ನ ಕನ್ಸಲ್ಟೆಂಟ್. ಅವರಿಗೆ ಹೇಗೆ ಹೇಳಲಿ?

ಹುದ್ದೆಯ ಅಂತರ ದಾಟಿ ಮಾತಾಡುವುದನ್ನು ಆಸ್ಪತ್ರೆಗಳು ಸುರಕ್ಷತೆಯ ಹೆಸರಿನಲ್ಲಿ ಆಗಲೇ ಕಲಿಸುತ್ತಿವೆ. ಅಮೆರಿಕದಲ್ಲಿ 2006ರಲ್ಲಿ ಹೊರಬಂದ ‘ಟೀಮ್‌ಸ್ಟೆಪ್ಸ್’ ತರಬೇತಿಯಲ್ಲಿ ಮೂರು ಮೆಟ್ಟಿಲಿನ ಮಾತಿದೆ: ನನಗೆ ಆತಂಕವಾಗಿದೆ, ನನಗೆ ಕಸಿವಿಸಿಯಾಗಿದೆ, ಇದು ಸುರಕ್ಷತೆಯ ವಿಷಯ. ಮೊದಲ ಸಲ ಹೇಳಿದ್ದು ಕಿವಿಗೆ ಬೀಳದಿದ್ದರೆ ಎರಡನೇ ಸಲ ಹೇಳಲೇಬೇಕು ಎಂಬ ನಿಯಮವೂ ಅದರಲ್ಲಿದೆ. ಔಷಧ ತಪ್ಪಿದಾಗ ಬಳಸುವ ಅದೇ ಮಾತನ್ನು ಇಲ್ಲಿಯೂ ಬಳಸಬಹುದು. ‘ಸರ್, ರೋಗಿಯನ್ನು ಹಾಗೆ ಕರೆದದ್ದು ನನಗೆ ಕಸಿವಿಸಿಯಾಯಿತು. ಅವರು ನೋವಿನ ಬಗ್ಗೆ ಹೇಳಿದ್ದನ್ನು ನಾವು ಕಡೆಗಣಿಸುತ್ತಿದ್ದೇವೇನೋ ಎಂಬ ಆತಂಕ ನನ್ನದು.’

ಎಲ್ಲರ ಎದುರಿಗೆ ಹೇಳಲು ಆಗದಿದ್ದರೆ ರೌಂಡ್ಸ್ ಮುಗಿದ ಮೇಲೆ ‘ಮೇಡಂ, ಎರಡು ನಿಮಿಷ ಮಾತಾಡಬಹುದೇ?’ ಎಂದು ಕೇಳಿ. ಆದರೆ ಮಾತು ಬಿದ್ದದ್ದು ಎಲ್ಲರೆದುರಿಗೆ ಎಂದಾದರೆ, ನೊಂದವರಿಗೂ ನೀವು ಮಾತಾಡಿದ ಸಂಗತಿ ತಿಳಿಯಬೇಕು. ಇಲ್ಲದಿದ್ದರೆ ಅವರ ನೆನಪಿನಲ್ಲಿ ಆ ದಿನ ಎಲ್ಲರೂ ಸುಮ್ಮನಿದ್ದ ದಿನವಾಗಿಯೇ ಉಳಿಯುತ್ತದೆ.

ನಾನೇ ಹೊರದೇಶದಿಂದ ಬಂದವನು. ನನ್ನ ವೀಸಾ ಈ ಕೆಲಸದ ಮೇಲೆ ನಿಂತಿದೆ.

ಹಾಗಾದರೆ ನಿಮ್ಮ ಪಾಲಿಗೆ ಅಪಾಯ ಹೆಚ್ಚು. ನಿಮ್ಮಿಂದ ನೇರ ಮಾತನ್ನು ಯಾರೂ ಬಲವಂತವಾಗಿ ನಿರೀಕ್ಷಿಸಬಾರದು. ಗಮನ ತಿರುಗಿಸುವುದು, ದಾಖಲಿಸುವುದು, ಆಮೇಲೆ ವಿಚಾರಿಸುವುದು ಈ ಮೂರೂ ನಿಮಗೆ ತೆರೆದಿವೆ, ಮೂರಕ್ಕೂ ಬೆಲೆಯಿದೆ. ನೌಕರರ ಸಂಘ ಇದ್ದರೆ ಸದಸ್ಯರಾಗಿ. ಕಾಯಂ ಕೆಲಸ, ಹಿರಿತನ, ಬಹುಸಂಖ್ಯಾತರ ಬಣ್ಣ ಎಲ್ಲವೂ ಇರುವವರು ಮೊದಲು ಬಾಯಿ ತೆರೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ತರಬೇತಿಗೆ ಮೊದಲು ಬರಬೇಕಾದವರೂ ಅವರೇ.

ನೊಂದವರ ಹತ್ತಿರ ಏನು ಮಾತಾಡಲಿ?

ಇಡೀ ತರಬೇತಿಯಲ್ಲಿ ಹೆಚ್ಚು ಹೊತ್ತು ಕೊಡಬೇಕಾದ ಭಾಗ ಇದು ಎಂದು ನಾನು ನಂಬುತ್ತೇನೆ. ಬೈದವರನ್ನು ಸೋಲಿಸುವ ಹುರುಪಿನಲ್ಲಿ ಬೈಸಿಕೊಂಡವರು ಒಂಟಿಯಾಗಿ ಟ್ರಾಲಿ ತಳ್ಳಿಕೊಂಡು ಹೋಗಿಬಿಟ್ಟಿರುತ್ತಾರೆ.

‘ಅವರು ಹೇಳಿದ್ದು ನನಗೆ ಕೇಳಿಸಿತು. ಅದು ತಪ್ಪು’ ಎಂದು ಶುರು ಮಾಡಿ. ಬೇರೆಯವರಿಗೂ ಕೇಳಿಸಿದೆ, ತನ್ನ ಭ್ರಮೆಯಲ್ಲ ಎಂದು ತಿಳಿಯುವುದೇ ದೊಡ್ಡ ಆಸರೆ. ಆಮೇಲೆ ‘ಈಗ ನಿಮಗೆ ಏನು ಬೇಕು?’ ಎಂದು ಕೇಳಿ. ಸ್ವಲ್ಪ ಹೊತ್ತು ಕೂರಬೇಕೆಂದರೆ ಅವರ ರೋಗಿಗಳನ್ನು ನೀವು ನೋಡಿಕೊಳ್ಳಿ. ದೂರು ಕೊಡಬೇಕೆಂದರೆ ಸಾಕ್ಷಿಯಾಗಿ ನಿಮ್ಮ ಹೆಸರು ಹಾಕಲು ಹೇಳಿ. ಏನೂ ಬೇಡವೆಂದರೆ ಅದನ್ನೂ ಗೌರವಿಸಿ.

‘ಅವರ ಮನಸ್ಸಿನಲ್ಲಿ ಹಾಗೇನಿಲ್ಲ’, ‘ನೀವು ಗಟ್ಟಿಗರು, ತಡೆದುಕೊಳ್ಳುತ್ತೀರಿ’, ‘ನನಗೂ ಒಮ್ಮೆ ಹೀಗೇ ಆಗಿತ್ತು’ ಎಂಬ ಮಾತುಗಳು ಬೇಡ. ನಿಮ್ಮ ಕೋಪ, ನಿಮ್ಮ ಕಣ್ಣೀರು ಸಹ ಆಗ ಬೇಡ. ನೊಂದವರೇ ನಿಮ್ಮನ್ನು ಸಮಾಧಾನ ಮಾಡುವಂತಾಗಬಾರದು.

‘ತಮಾಷೆಗೆ ಹೇಳಿದೆ, ಅಷ್ಟು ಸಿಟ್ಟೇಕೆ?’ ಎಂದರೆ?

‘ತಮಾಷೆ ಎಂದು ಗೊತ್ತಾಯಿತು, ಆದರೂ ಬೇಡ.’ ಇಷ್ಟು ಹೇಳಿ ಕೆಲಸಕ್ಕೆ ಮರಳಿ. ವಾದ ಬೆಳೆಸಬೇಡಿ. ನಗದೆ ಇರುವುದೂ ಒಂದು ಉತ್ತರವೇ.

ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಬಹುದೇ?

ಬೀದಿಯಲ್ಲಿ ಆಗುವುದಕ್ಕೂ ವಾರ್ಡಿನಲ್ಲಿ ಆಗುವುದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು. ಸಿಬ್ಬಂದಿಯಾಗಿ ನೀವು ಚಿತ್ರೀಕರಿಸಿದರೆ ಬೇರೆ ರೋಗಿಗಳ ಮುಖ, ಹೆಸರು, ಮಾನಿಟರು, ಕೇಸ್ ಶೀಟು ಎಲ್ಲವೂ ಅದರಲ್ಲಿ ಬರುತ್ತವೆ. ರೋಗಿಯ ಗೋಪ್ಯತೆ ಮುರಿದ ತಪ್ಪು ನಿಮ್ಮ ಮೇಲೆ ಬಂದು, ಮೂಲ ವಿಷಯವೇ ಮರೆಯಾಗುತ್ತದೆ. ಬರೆದಿಟ್ಟುಕೊಳ್ಳಿ, ಅದೇ ದಿನ, ನೆನಪು ಹಸಿಯಾಗಿರುವಾಗಲೇ. ರೋಗಿಯೇ ತನ್ನ ರಕ್ಷಣೆಗೆ ಚಿತ್ರೀಕರಿಸುವುದು ಬೇರೆ ಮಾತು. ಜೋಲಿಯೆಟ್‌ನಲ್ಲಿ ಸತ್ಯ ಹೊರಬಂದದ್ದು ಹಾಗೆಯೇ.

ನನ್ನ ಮಾತನ್ನೇ ಯಾರಾದರೂ ಎತ್ತಿ ತೋರಿಸಿದರೆ?

‘ಹೇಳಿದ್ದು ಒಳ್ಳೆಯದಾಯಿತು. ಕ್ಷಮಿಸಿ, ಇನ್ನು ಹಾಗೆ ಹೇಳುವುದಿಲ್ಲ.’ ಮುಗಿಯಿತು. ವಿವರಣೆ, ಸಮರ್ಥನೆ, ನಿಮ್ಮ ಗೆಳೆಯರ ಪಟ್ಟಿ ಬೇಡ. ತರಬೇತಿಯಲ್ಲಿ ಇದನ್ನೂ ಜೋರಾಗಿ ಹೇಳಿ ಅಭ್ಯಾಸ ಮಾಡಿಸುತ್ತೇವೆ, ಏಕೆಂದರೆ ಇದೂ ಸುಲಭವಾಗಿ ಬಾಯಿಗೆ ಬರುವ ಮಾತಲ್ಲ.

ಒಳ್ಳೆಯ ತರಬೇತಿ ಹೇಗಿರುತ್ತದೆ?

ಕಂಪ್ಯೂಟರಿನ ಮುಂದೆ ಕೂತು ಸ್ಲೈಡ್ ಒತ್ತುತ್ತ ಹೋಗಿ ಕೊನೆಗೆ ಸರ್ಟಿಫಿಕೇಟ್ ಪಡೆಯುವಂಥದ್ದರಿಂದ ಈ ಕೆಲಸ ಆಗುವುದಿಲ್ಲ. ಸಣ್ಣ ಗುಂಪು, ಮೂರು ಮೂರು ಜನ, ಒಬ್ಬರು ಆಡುವವರು, ಒಬ್ಬರು ಕೇಳಿಸಿಕೊಳ್ಳುವವರು, ಒಬ್ಬರು ಪಕ್ಕದಲ್ಲಿರುವವರು. ಪಾತ್ರ ಬದಲಿಸುತ್ತ ಹೋಗಬೇಕು. ಸನ್ನಿವೇಶಗಳು ಆ ವಾರ್ಡಿನವೇ ಆಗಿರಲಿ, ಹೆಸರು ಬದಲಿಸಿ. ನಿಂದನೆಗೆ ಗುರಿಯಾಗುವ ಸಮುದಾಯದವರನ್ನೇ ಹಿಡಿದು ‘ನಿಮ್ಮ ಅನುಭವ ಹೇಳಿ’ ಎಂದು ಒತ್ತಾಯಿಸಬಾರದು. ಬೈಸಿಕೊಳ್ಳುವ ಪಾತ್ರವನ್ನು ಅವರಿಗೆ ಕೊಡುವುದಂತೂ ಖಂಡಿತ ಕೂಡದು. ಕೆಲವು ತಿಂಗಳ ಮೇಲೆ ಮತ್ತೆ ಸೇರಬೇಕು, ಇಲ್ಲದಿದ್ದರೆ ಕಲಿತ ಮಾತು ಮರೆತುಹೋಗುತ್ತದೆ.

ವಾರ್ಡ್ ಕ್ಲರ್ಕ್, ಹೌಸ್‌ಕೀಪಿಂಗ್ ಸಿಬ್ಬಂದಿ, ಸೆಕ್ಯುರಿಟಿ, ಅಡುಗೆಯವರು ಎಲ್ಲರನ್ನೂ ಕರೆಯಿರಿ. ಅತಿ ಹೆಚ್ಚು ನೋಡುವವರು ಅವರೇ.

ತರಬೇತಿ ಕೊಟ್ಟರೆ ಸಾಕೇ? ಆಡಳಿತ ಇನ್ನೇನು ಮಾಡಬೇಕು?

ಸಾಲದು. ಅಮೆರಿಕದ ಖಾಸಗಿ ಕಂಪನಿಗಳ ಬಗ್ಗೆ ಅಲೆಕ್ಸಾಂಡ್ರಾ ಕಲೇವ್, ಫ್ರ್ಯಾಂಕ್ ಡಾಬಿನ್ ಮತ್ತು ಎರಿನ್ ಕೆಲ್ಲಿ 2006ರಲ್ಲಿ ಮಾಡಿದ ಅಧ್ಯಯನದಲ್ಲಿ, ಮ್ಯಾನೇಜರ್ ಹುದ್ದೆಗಳಲ್ಲಿ ಮಹಿಳೆಯರು, ಕಪ್ಪುವರ್ಣೀಯರು ಹೆಚ್ಚಲು ಬರೀ ತರಬೇತಿಯಿಂದ ಅಷ್ಟೇನೂ ಸಹಾಯವಾಗಿರಲಿಲ್ಲ. ಇಂಥವರೇ ಹೊಣೆ ಎಂದು ಗೊತ್ತುಮಾಡಿದ ಕಡೆ ಬದಲಾವಣೆ ಹೆಚ್ಚು ಕಂಡಿತು. ಹಾಗಾಗಿ ಆಡಳಿತವನ್ನು ಕೇಳಬೇಕಾದ ಪ್ರಶ್ನೆಗಳು ನೇರವಾಗಿರಲಿ. ದೂರು ಬಂದರೆ ಯಾರು ನೋಡುತ್ತಾರೆ? ಎಷ್ಟು ದಿನದೊಳಗೆ? ದೂರು ಕೊಟ್ಟವರ ಮೇಲೆ ಸೇಡು ತೀರಿಸಿಕೊಳ್ಳದಂತೆ ಏನು ರಕ್ಷಣೆ? ರೋಗಿಗಳ ನಡವಳಿಕೆಯ ನಿಯಮ ಗೋಡೆಯ ಮೇಲೆ ಇದೆಯೇ? ಇಂಗ್ಲೆಂಡಿನ ಎನ್‌ಎಚ್‌ಎಸ್ 2015ರಿಂದ ತನ್ನ ಆಸ್ಪತ್ರೆಗಳಲ್ಲಿ ಯಾವ ಜನಾಂಗದ ಸಿಬ್ಬಂದಿಗೆ ಬಡ್ತಿ, ಶಿಸ್ತುಕ್ರಮ, ಕಿರುಕುಳ ಎಷ್ಟೆಷ್ಟು ಎಂಬ ಲೆಕ್ಕವನ್ನು ಪ್ರಕಟಿಸುತ್ತ ಬಂದಿದೆ. ಲೆಕ್ಕ ಹೊರಗಿಟ್ಟ ಮೇಲೆ ‘ನಮ್ಮಲ್ಲಿ ಹಾಗೇನಿಲ್ಲ’ ಎನ್ನುವುದು ಕಷ್ಟ.

ಲಿಂಗ, ಧರ್ಮ, ಜಾತಿ, ಭಾಷೆಯ ಹೆಸರಿನ ನಿಂದನೆಗೂ ಇದು ಅನ್ವಯಿಸುತ್ತದೆಯೇ?

ಹೌದು. ಸನ್ನಿವೇಶ ಬದಲಾಗುತ್ತದೆ, ಐದು ದಾರಿ ಬದಲಾಗುವುದಿಲ್ಲ.

ಆ ಘಟನೆ ನಡೆದು ಎರಡು ವಾರವಾಯಿತು. ಆಗ ನಾನು ಸುಮ್ಮನಿದ್ದೆ. ಈಗ ಮಾತಾಡಿದರೆ ವಿಚಿತ್ರವಾಗುವುದಿಲ್ಲವೇ?

ಸ್ವಲ್ಪ ಮುಜುಗರವಾಗುತ್ತದೆ, ಆಗಲಿ. ಶಿಫ್ಟ್ ಬದಲಾಗುವ ಗಡಿಬಿಡಿಯಲ್ಲಿ ಬೇಡ. ಅವರಿಗೆ ಬಿಡುವಿದ್ದಾಗ, ಬೇರೆ ಯಾರೂ ಇಲ್ಲದ ಕಡೆ ಕೇಳಿ: ‘ಅವತ್ತು ರೌಂಡ್ಸ್‌ನಲ್ಲಿ ನಿಮಗೆ ಹೇಳಿದ ಮಾತು ನನಗೆ ಕೇಳಿಸಿತ್ತು. ಆಗ ನಾನು ಮಾತಾಡಬೇಕಿತ್ತು. ಈ ಬಗ್ಗೆ ನಿಮಗೆ ಮಾತಾಡಬೇಕು ಅನ್ನಿಸಿದರೆ ನಾನಿದ್ದೇನೆ, ಬೇಡವೆಂದರೂ ಸರಿ.’ ಕ್ಷಮೆಯನ್ನು ಅವರಿಂದ ಕೇಳಿ ಪಡೆಯಲು ಹೋಗಬೇಡಿ. ಅವರು ವಿಷಯ ಬದಲಿಸಿದರೆ ನೀವೂ ಬದಲಿಸಿ. ದೂರು ಕೊಡಲು ಇನ್ನೂ ಅವಧಿ ಇದೆಯೇ ಎಂದು ಮೊದಲೇ ವಿಚಾರಿಸಿಕೊಂಡು ಹೋದರೆ, ಅವರು ಕೇಳಿದಾಗ ಹೇಳಲು ನಿಮ್ಮ ಹತ್ತಿರ ಉತ್ತರ ಇರುತ್ತದೆ.